ಕೋಟೆಗುಡ್ಡೆಯ ಬಾವಿ

ರುಕಿಯಾಳಿಗೆ ಕೋಟೆಗುಡ್ಡೆಯನ್ನು ಕಂಡರೆ ಆಗುತ್ತಿರಲಿಲ್ಲ. ಮದುವೆಯಾಗಿ ಆ ಗುಡ್ಡೆಯ ಬುಡಕ್ಕೆ ಬಂದವಳು, ಅಲ್ಲೇ ಹೆತ್ತವಳು, ಅಲ್ಲೇ ಬೀಡಿ ಕಟ್ಟಿ ಬದುಕಿದವಳು, ಈಗ ಐವತ್ತೈದು ದಾಟಿ ಅಲ್ಲೇ ಮೊಮ್ಮಕ್ಕಳನ್ನೂ ಕಂಡವಳು. ಆದರೂ ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ಗುಡ್ಡೆಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದಳು.

ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಅದೊಂದು ಪದವು, ಮರವಿಲ್ಲದ ಬೋಳು ಗುಡ್ಡ, ಅಷ್ಟೆ. ಮಳೆ ಮುಗಿದ ಮೇಲೆ ಮೈತುಂಬ ಮುಳಿಹುಲ್ಲು, ಬೇಸಗೆಗೆ ಬರೀ ಕರಿಗಲ್ಲು. ನೆತ್ತಿಯ ಸುತ್ತ ಮುರಕಲ್ಲಿನ ಹಳೆಯ ಗೋಡೆ, ಗೋಡೆಯ ಹೊರಗೆ ಕಂದಕದಂಥ ಆಳವಾದ ಅಗಳು, ಒಳಗೆ ಒಂದು ಬಾವಿ. ಯಾರು ಕಟ್ಟಿಸಿದ್ದು ಎಂದು ಕೇಳಿದರೆ ಊರವರು ಯಾವನೋ ಬಲ್ಲಾಳ ಅರಸನ ಹೆಸರು ಹೇಳುತ್ತಾರೆ. ಹೆಸರು ಮಾತ್ರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಗೋಡೆಯೊಳಗೆ ನಾಗರಹಾವು ಉಂಟೆಂದು, ಇನ್ನೇನೋ ಉಂಟೆಂದು ಹೆದರಿ ದನ ಮೇಯಿಸುವವರೂ ಒಳಗೆ ಕಾಲಿಡುತ್ತಿರಲಿಲ್ಲ. ಕಾಲುದಾರಿ ಇದ್ದದ್ದು ಅಗಳಿನ ಹೊರಗಡೆ. ಈಚೆ ಬದಿಯ ಮನೆಗಳವರು ಬಸ್ಸು ಹಿಡಿಯಬೇಕಾದರೆ ಆ ದಾರಿಯಲ್ಲೇ ಗುಡ್ಡೆ ಹತ್ತಿ ಆಚೆ ಇಳಿಯುತ್ತಿದ್ದರು.

ರುಕಿಯಾಳ ಮೊದಲ ಗಂಡ ಅಶ್ರಫ್ ಹೋದದ್ದೂ ಅದೇ ದಾರಿಯಲ್ಲಿ.

ರುಕಿಯಾ ನರಿಕೊಂಬಿನವಳು. ತಂದೆ ನೇತ್ರಾವತಿಯಲ್ಲಿ ಬಲೆ ಬೀಸಿ ಮನೆ ನಡೆಸಿದವರು. ಅಶ್ರಫ್ ಹಳ್ಳಿಹಳ್ಳಿ ಸುತ್ತಿ ಗೇರುಬೀಜ ಕೊಂಡು ಮಂಡಿಗೆ ಹಾಕುತ್ತಿದ್ದ. ಒಳ್ಳೆಯ ಮಾತುಗಾರ, ವ್ಯಾಪಾರ ಅಷ್ಟಕ್ಕಷ್ಟೆ. ಕುವೈತಿನ ಯುದ್ಧ ಮುಗಿದ ಮರುವರ್ಷ ಬೊಂಬಾಯಿಯ ಏಜೆಂಟನೊಬ್ಬನ ಮೂಲಕ ಅವನಿಗೆ ವೀಸಾ ಆಯಿತು. ಮೂಡುಬಿದಿರೆಯಲ್ಲಿ ಬೊಂಬಾಯಿ ಬಸ್ಸು ಹತ್ತುವುದು, ಅಲ್ಲಿಂದ ವಿಮಾನ. ಮಗಳು ಜುವೈರಿಯಾ ಆಗಿನ್ನೂ ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದ ಮಗು. ಕಳಿಸಿಕೊಡಲು ಬರಬೇಕಾಗಿದ್ದ ಅಶ್ರಫನ ಅಣ್ಣ ವ್ಯಾಪಾರಕ್ಕೆಂದು ಘಟ್ಟದ ಮೇಲೆ ಹೋಗಿದ್ದ. ಪರವಾಗಿಲ್ಲ, ಒಂದು ಬ್ಯಾಗು ಹಿಡಿದುಕೊಂಡು ಹೋಗಲಿಕ್ಕೆ ಇಬ್ಬರು ಯಾಕೆ ಎಂದು ಅಶ್ರಫ್ ಬೆಳಿಗ್ಗೆ ಗಂಜಿ ಉಂಡು, ಯಾವಾಗಲೂ ಹಾಕುವ ಚೆಕ್ಸ್ ಅಂಗಿ ತೊಟ್ಟು ಹೊರಟ.

ಹೊರಡುವಾಗ ಅವನು ಅಂಗಳದಲ್ಲಿ ನಿಂತು ಹೇಳಿದ: "ಮೇಲೆ ಕೋಟೆಯ ಗೋಡೆ ಹತ್ತಿರ ನಿಂತು ಒಂದು ಕೂ ಹಾಕ್ತೇನೆ. ನೀನು ಮಗುವನ್ನು ಎತ್ತಿ ತೋರಿಸು."

ರುಕಿಯಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕಾದಳು. ಅವನು ಹುಲ್ಲಿನ ನಡುವೆ ಮರೆಯಾದದ್ದನ್ನು ಕಂಡಳು. ಬಿಸಿಲೇರಿತು, ಮಗು ಅತ್ತಿತು, ಕೂ ಮಾತ್ರ ಕೇಳಲಿಲ್ಲ. ಬಸ್ಸಿಗೆ ತಡವಾಯಿತೇನೋ ಎಂದುಕೊಂಡು ಒಳಗೆ ಬಂದಳು. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಅಷ್ಟು ದೂರ ಹೋಗುವವನಿಗೆ ಒಂದು ಕೂ ಹಾಕಲು ಪುರುಸೊತ್ತಿಲ್ಲವೇ?

ಕಾಗದ ಬರಲಿಲ್ಲ. ಬೊಂಬಾಯಿಯ ಏಜೆಂಟನನ್ನು ಕೇಳಿದರೆ ಅಂಥವನು ಬಂದೇ ಇಲ್ಲ ಎಂಬ ಉತ್ತರ. ಅಣ್ಣ ಬೊಂಬಾಯಿಗೇ ಹೋಗಿ ಪರಿಚಯದ ಹೋಟೆಲುಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಪೊಲೀಸರಿಗೂ ತಿಳಿಸಿದರು. ಊರಿನಿಂದ ಹೊರಟವನು ಊರಿನಲ್ಲೇ ಇರಬಹುದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ?

ಆ ಮೇಲಿನ ಮೇ ತಿಂಗಳಲ್ಲಿ, ಬೊಂಬಾಯಿಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಕುಶಾಲಪ್ಪ ರಜೆಗೆ ಬಂದ. ಪಕ್ಕದ ಮನೆಯವನು, ಸುಳ್ಳು ಹೇಳುವ ಜನವಲ್ಲ. ದಾದರ್ ಸ್ಟೇಷನ್ನಿನಲ್ಲಿ ಅಶ್ರಫನನ್ನು ಕಂಡೆ ಎಂದ. ಜೊತೆಯಲ್ಲಿ ಒಬ್ಬ ಹೆಂಗಸು ಇದ್ದಳಂತೆ, ಕೈಯಲ್ಲಿ ಮಗುವಂತೆ. ಕರೆಯುವಷ್ಟರಲ್ಲಿ ಜನರ ನಡುವೆ ಹೊರಟುಹೋದನಂತೆ. ಸಂಜೆಯೊಳಗೆ ಸುದ್ದಿ ಊರಿಡೀ ತಿರುಗಿತು. ಒಬ್ಬರು ಕಂಡ ಮೇಲೆ ಉಳಿದವರಿಗೂ ಕಾಣತೊಡಗಿತು. ಒಬ್ಬರಿಗೆ ಹುಬ್ಬಳ್ಳಿಯಲ್ಲಿ, ಇನ್ನೊಬ್ಬರಿಗೆ ಮಸ್ಕತಿನಲ್ಲಿ. ಗಡ್ಡ ಬಿಟ್ಟಿದ್ದಾನೆ ಎಂದರು, ದಪ್ಪಗಾಗಿದ್ದಾನೆ ಎಂದರು.

ರುಕಿಯಾ ಎಲ್ಲವನ್ನೂ ನಂಬಿದಳು. ಸತ್ತಿದ್ದಾನೆಂದು ಅಳುವುದಕ್ಕಿಂತ ಬಿಟ್ಟುಹೋದನೆಂದು ಉರಿಯುವುದೇ ಆಗ ಅವಳಿಗೆ ಸುಲಭವಾಗಿತ್ತು. ಬೀಡಿ ಕಟ್ಟುತ್ತ ಕೂತರೆ ಉರಿ, ಮಗಳಿಗೆ ಜ್ವರ ಬಂದರೆ ಉರಿ, ಗುಡ್ಡೆ ಕಂಡರೆ ಉರಿ. ಕೆಲವು ವರ್ಷ ಕಾದು, ಹೇಳದೆ ಕೇಳದೆ ಹೋದ ಗಂಡನಿಂದ ಬಿಡುಗಡೆ ಬೇಕೆಂದು ಖಾಝಿಯವರ ಮುಂದೆ ನಿಂತಳು. ಕುಶಾಲಪ್ಪ ಕಂಡ ಸುದ್ದಿ ಅಲ್ಲಿಗೂ ಹೋಗಿತ್ತು. ಬಿಡುಗಡೆ ಸಿಕ್ಕಿತು.

ಆ ಮೇಲೆ ಉಸ್ಮಾನ್ ಅವಳನ್ನು ಮದುವೆಯಾದ. ಸೈಕಲಿನಲ್ಲಿ ಮೀನಿನ ಬುಟ್ಟಿ ಕಟ್ಟಿ ಹಾರ್ನು ಒತ್ತುತ್ತ ಆ ಸುತ್ತಿನ ಮನೆಗಳಿಗೆಲ್ಲ ಬರುತ್ತಿದ್ದವನು, ಹೆಂಡತಿ ತೀರಿಹೋಗಿದ್ದ ಮನುಷ್ಯ. ಮಾತು ಕಡಿಮೆ. ಜುವೈರಿಯಾಳನ್ನು ಸೈಕಲಿನ ಮುಂದಿನ ಕಂಬಿಯ ಮೇಲೆ ಕೂರಿಸಿ ಶಾಲೆಗೆ ಬಿಟ್ಟವನು ಅವನು. ಟೈಫಾಯಿಡ್ ಆದಾಗ ಬಂಟ್ವಾಳದ ಆಸ್ಪತ್ರೆಯ ನೆಲದ ಮೇಲೆ ಮಲಗಿದವನು ಅವನು. ಅಶ್ರಫನ ವಿಷಯವನ್ನು ಒಂದು ದಿನವೂ ಕೇಳಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಮನೆಯ ಎದುರು ಗೂಡಂಗಡಿ ಇಟ್ಟ. ಜುವೈರಿಯಾ ಮದುವೆಯಾಗಿ ಬಿ.ಸಿ. ರೋಡಿಗೆ ಹೋದಳು. ಬದುಕು ಒಂದು ಹದಕ್ಕೆ ಬಂದಿತ್ತು.

ಆಗ ಮೂಡುಬಿದಿರೆಯ ಕಾಲೇಜಿನಿಂದ ಜ್ಯೋತ್ಸ್ನಾ ಎಂಬ ಇತಿಹಾಸದ ಲೆಕ್ಚರರ್ ಬಂದರು. ಕೋಟೆಯ ಕಾಡು ಕಡಿದು, ಗೋಡೆ ಅಳೆದು, ಬಾವಿಯ ಹೂಳೆತ್ತಿ ನೋಡಲು ಬೇಕಾದ ಒಪ್ಪಿಗೆಗಳನ್ನೆಲ್ಲ ಪಡೆದು, ಒಂದು ಗುಂಪು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದಿದ್ದರು. ಗುಡ್ಡೆಯ ಸುತ್ತಲಿನ ಜಾಗ ಶೇಖರ ಶೆಟ್ಟರ ಮನೆತನದ್ದು. ಮಕ್ಕಳಿಗೆ ಮಧ್ಯಾಹ್ನದ ಊಟ ನೀವೇ ಮಾಡಿಕೊಡಿ ರುಕಿಯಕ್ಕ ಎಂದು ಶೆಟ್ಟರೇ ಬಂದು ಕೇಳಿದರು. ಇಲ್ಲ ಎನ್ನಲಾಗಲಿಲ್ಲ.

ಊಟವನ್ನು ಮೇಲಕ್ಕೆ ಸಾಗಿಸಲು ಶೆಟ್ಟರ ಆಳು ಬರುತ್ತಿದ್ದ. ಒಂದು ದಿನ ಅವನು ಬರಲಿಲ್ಲ. ರುಕಿಯಾ ಬೈದುಕೊಳ್ಳುತ್ತ ತಾನೇ ಪಾತ್ರೆ ಹೊತ್ತು ಹತ್ತಿದಳು. ಅವಳ ಮುನಿಸು ಕರಗಲು ಬೇಕಾದದ್ದು ಅಷ್ಟೇ. ಅಗಳು ದಾಟಿ, ಕಾಡು ಕಡಿದು ಬಯಲಾದ ಬಾಗಿಲಿನೊಳಗೆ ಕಾಲಿಟ್ಟವಳು ಸುಮ್ಮನೆ ನಿಂತುಬಿಟ್ಟಳು. ಮೂಡಲಲ್ಲಿ ಗಡಾಯಿಕಲ್ಲಿನ ಬಂಡೆ ಒಂಟಿ ಹಲ್ಲಿನಂತೆ ಎದ್ದು ನಿಂತಿತ್ತು, ಅದರ ಹಿಂದೆ ನೀಲಿಯ ಘಟ್ಟ. ಬಡಗಲಲ್ಲಿ ಮೂಡುಬಿದಿರೆಯ ಕಟ್ಟಡಗಳು. ಕೆಳಗೆ ಗದ್ದೆ, ತೋಟ, ಮಸೀದಿಯ ಮಿನಾರ, ಶೆಟ್ಟರ ಮನೆಯ ಹಂಚು. ಜ್ಯೋತ್ಸ್ನಾ ಅವಳನ್ನು ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ಕಾವಲುಗಾರ ಕೂರುತ್ತಿದ್ದ ಗೂಡು, ಬಾಗಿಲಿನ ಕಂಬ ಸಿಕ್ಕಿಸುತ್ತಿದ್ದ ಕುಳಿ, ಕಲ್ಲು ಕೊರೆದೇ ತೋಡಿದ ಬಾವಿ. ಇದು ಬಲ್ಲಾಳರಿಗಿಂತಲೂ ಹಳೆಯದಿರಬಹುದು, ಇಲ್ಲಿದ್ದವರು ಯಾರೆಂದು ತಮಗೂ ತಿಳಿಯದು ಎಂದರು. ತಿಳಿಯದು ಎಂದು ಒಪ್ಪಿಕೊಂಡದ್ದಕ್ಕೇ ರುಕಿಯಾಳಿಗೆ ಅವರು ಇಷ್ಟವಾದರು. ಮರುದಿನ ಆಳು ಬಂದರೂ ತಾನೇ ಹೊರಟಳು. ಮನೆಯಲ್ಲಿ ಉಸ್ಮಾನನಿಗೆ ಕಾವಲುಗೂಡಿನ ಕಥೆ ಹೇಳಿದಳು. ಅವಳು ಗುಡ್ಡೆಯ ಬಗ್ಗೆ ಬಾಯಿ ತೆರೆದದ್ದೇ ಅವನಿಗೆ ಆಶ್ಚರ್ಯ.

ಬಾವಿಯ ಹೂಳು ಗಟ್ಟಿಯಾಗಿತ್ತು. ಬಾವಿಯದೇ ಒಂದು ಬದಿ ಅದರೊಳಗೆ ಕುಸಿದಿತ್ತು. ಹಗ್ಗ ಕಟ್ಟಿ ಇಳಿದವರು ಕಲ್ಲು ಮಣ್ಣು ಬುಟ್ಟಿಗೆ ತುಂಬಿ ಮೇಲೆ ಕಳಿಸುತ್ತ ಹೋದರು. ಆ ದಿನ ರುಕಿಯಾ ಗಂಜಿ, ತೊಂಡೆಕಾಯಿ ಪಲ್ಯ ತಂದು ಮಾವಿನ ಮರದ ನೆರಳಿನಲ್ಲಿಟ್ಟಿದ್ದಳು. ಬಾವಿಯ ಒಳಗಿನಿಂದ ಹುಡುಗಿಯೊಬ್ಬಳ ದನಿ ಕೇಳಿತು, ಮೇಡಂ, ಮೂಳೆ ಉಂಟು ಎಂದು. ಊಟಕ್ಕೆ ಹೊರಟವರೆಲ್ಲ ಅತ್ತ ಓಡಿದರು. ಮೊದಲು ಪ್ರಾಣಿಯದೆಂದುಕೊಂಡರು. ಆ ಮೇಲೆ ಮನುಷ್ಯನ ತಲೆಬುರುಡೆಯ ಅಂಚು ಕಂಡಿತು.

ಅಲ್ಲಿದ್ದ ಮಕ್ಕಳ ಸಂಭ್ರಮ ಹೇಳತೀರದು. ಸಾವಿರ ವರ್ಷದ ಹಿಂದಿನವನಿರಬಹುದು ಎಂದು ಒಬ್ಬ, ಯುದ್ಧದಲ್ಲಿ ಸತ್ತ ಸೈನಿಕ ಎಂದು ಇನ್ನೊಬ್ಬ. ಜ್ಯೋತ್ಸ್ನಾರ ಮುಖವೂ ಅರಳಿತ್ತು, ಆದರೂ ಅವಸರ ಮಾಡಬೇಡಿ ಎನ್ನುತ್ತಿದ್ದರು. ರುಕಿಯಾ ಬಾವಿಯ ಅಂಚಿನಿಂದ ಬಗ್ಗಿ ನೋಡಿದಳು. ಕೆಂಪು ಮಣ್ಣಿನಲ್ಲಿ ತೆಂಗಿನ ಚಿಪ್ಪಿನಂತೆ ಏನೋ ಕಂಡಿತು. ಯಾವ ತಾಯಿಯ ಮಗನೋ ಎಂದು ಅವಳಿಗೆ ಪಾಪ ಎನ್ನಿಸಿತು. ಸತ್ತವರ ಸುದ್ದಿ ಕೇಳಿದಾಗ ಹೇಳುವ 'ಇನ್ನಾಲಿಲ್ಲಾಹಿ' ತನ್ನಷ್ಟಕ್ಕೆ ಬಾಯಿಗೆ ಬಂತು. ಅರಸರ ಕಾಲದ ಗುರುತಿಲ್ಲದ ಜೀವವೊಂದಕ್ಕೆ ಅವಳು ಅದನ್ನು ಹೇಳಿದಳು.

ಮುಂದಿನ ಬುಟ್ಟಿ ಮೇಲೆ ಬಂತು. ಜ್ಯೋತ್ಸ್ನಾ ಮೊಣಕಾಲೂರಿ ಕೂತು ಬ್ರಷ್ಷಿನಿಂದ ಮಣ್ಣು ಸರಿಸಿದರು. ಮಣ್ಣಿನೊಳಗಿನಿಂದ ಬ್ಯಾಗಿನ ಜಿಪ್ಪು ಎದ್ದಿತು. ಹಲ್ಲು ಹಲ್ಲು ಕೂಡಿಕೊಂಡೇ ಇದ್ದ, ತುಕ್ಕು ಹಿಡಿದ ಜಿಪ್ಪು.

ಜ್ಯೋತ್ಸ್ನಾ ಅದನ್ನು ಹಿಡಿದುಕೊಂಡೇ ಕೂತರು.

"ಕೆಲಸ ನಿಲ್ಲಿಸಿ," ಅಂದರು ಜ್ಯೋತ್ಸ್ನಾ. "ಎಲ್ಲರೂ ಮೇಲೆ ಬನ್ನಿ. ಏನನ್ನೂ ಮುಟ್ಟಬೇಡಿ. ಇದು ಹಳೇದಲ್ಲ."

ಗಲಾಟೆಯೆಲ್ಲ ಒಮ್ಮೆಗೇ ನಿಂತಿತು. ಒಳಗಿದ್ದ ಹುಡುಗಿ ಹತ್ತಿ ಬಂದಳು. ಅವಳ ಗಮ್‌ಬೂಟಿಗೆ ಮಣ್ಣಿನ ಜೊತೆ ಒಂದು ಪಟ್ಟಿ ಸಿಕ್ಕಿಕೊಂಡು ಬಂದಿತ್ತು. ಅವಳು ಕಾಲು ಕೊಡವಿದಾಗ ಅದು ರುಕಿಯಾಳ ಹತ್ತಿರ ಬಿತ್ತು. ಅಂಗೈ ಅಗಲದ ಬೆಲ್ಟು. ಬ್ಯಾರಿಗಳು ಲುಂಗಿಯ ಮೇಲೆ ಕಟ್ಟುತ್ತಿದ್ದ, ಕಿಸೆಗಳಿರುವ ಹಸಿರು ಬೆಲ್ಟು. ಹಸಿರು ಹೋಗಿ ಮಣ್ಣಿನ ಬಣ್ಣವಾಗಿತ್ತು. ಅಂಥ ಬೆಲ್ಟು ಆ ಕಾಲದಲ್ಲಿ ಎಷ್ಟೋ ಗಂಡಸರ ಸೊಂಟದಲ್ಲಿತ್ತು. ಆದರೆ ಇದರ ಒಂದು ಕಿಸೆಯ ಅಂಚು ಬಿಟ್ಟುಹೋಗಿ, ಅದನ್ನು ನೀಲಿ ನೈಲಾನ್ ನೂಲಿನಿಂದ ಅಡ್ಡಡ್ಡ ಹೊಲಿದಿತ್ತು. ನರಿಕೊಂಬಿನ ತವರುಮನೆಯಿಂದ ತಂದ ಬಲೆಯ ನೂಲು. ತಂದೆ ಬಲೆಗೆ ಹಾಕುತ್ತಿದ್ದ ಗಂಟು.

ಜ್ಯೋತ್ಸ್ನಾ ಮುಟ್ಟಬೇಡಿ ರುಕಿಯಕ್ಕ ಎನ್ನುವಷ್ಟರಲ್ಲಿ ಅವಳು ಅದನ್ನು ಎತ್ತಿಯಾಗಿತ್ತು.

"ಇದು ನಾನು ಹೊಲಿದದ್ದು," ಅಂದಳು ರುಕಿಯಾ.

ಯಾರಿಗೂ ಅರ್ಥವಾಗಲಿಲ್ಲ. ಅವಳು ಮತ್ತೊಮ್ಮೆ ಹೇಳಿದಳು, ಮೊದಲಿಗಿಂತ ಮೆಲ್ಲಗೆ. ಅವಳಿಗೆ ಅಳು ಬರಲಿಲ್ಲ, ತಲೆ ತಿರುಗಲಿಲ್ಲ. ಗಂಜಿ ಆರುತ್ತದೆ, ಮಕ್ಕಳಿಗೆ ಬಡಿಸಬೇಕು ಎಂಬುದೊಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಎದ್ದು ಹೋಗಿ ಸೌಟು ಹಿಡಿದಳು. ತಟ್ಟೆ ಹಿಡಿದು ಯಾರೂ ಬರಲಿಲ್ಲ. ಆಗ ತಿರುಗಿ ನೋಡಿದಳು. ಬಾವಿಯ ಪಕ್ಕದಲ್ಲಿ ಕೋಟೆಯ ಗೋಡೆಯನ್ನು ತಗ್ಗಾಗಿ ಕಟ್ಟಿದ್ದ ಕಡೆಯಿಂದ ಕೆಳಗೆ ಅವಳ ಮನೆ ಕಾಣುತ್ತಿತ್ತು. ಅಂಗಳದ ಹಗ್ಗದಲ್ಲಿ ಉಸ್ಮಾನನ ಲುಂಗಿ ಗಾಳಿಗೆ ಆಡುತ್ತಿತ್ತು. ಇಡೀ ಕೋಟೆಯಲ್ಲಿ ಆ ಅಂಗಳ ಕಾಣುವುದು ಅಲ್ಲಿಂದ ಮಾತ್ರ. ದಾರಿ ಬಿಟ್ಟು, ಅಗಳು ದಾಟಿ, ಸೊಂಟದೆತ್ತರದ ಮುಳಿಹುಲ್ಲಿನಲ್ಲಿ ಅವನು ಒಳಗೆ ಬಂದದ್ದು ಏಕೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಕೂ ಹಾಕಲು ಜಾಗ ಹುಡುಕುತ್ತ ಬಂದಿದ್ದ. ಹುಲ್ಲು ಮುಚ್ಚಿದ ಬಾವಿಯ ಬಾಯಿ ಅವನಿಗೆ ಕಂಡಿರಲಿಲ್ಲ.

ರುಕಿಯಾಳ ಕೈಯಿಂದ ಸೌಟು ಬಿತ್ತು. ಜ್ಯೋತ್ಸ್ನಾ ಓಡಿ ಬಂದು ಅವಳನ್ನು ನೆರಳಿನಲ್ಲಿ ಕೂರಿಸಿದರು.

ಪೊಲೀಸರು ಬಂದರು, ಸರಕಾರಿ ಡಾಕ್ಟರು ಬಂದರು. ಮೂಳೆಗಳನ್ನು ಪೆಟ್ಟಿಗೆಯಲ್ಲಿಟ್ಟು ಒಯ್ದರು. ಊರು ಗುಡ್ಡೆಯ ಬುಡದಲ್ಲಿ ಸೇರಿ ಪಿಸುಗುಟ್ಟಿತು. ಶೇಖರ ಶೆಟ್ಟರು ಉಸ್ಮಾನನ ಗೂಡಂಗಡಿಯ ಬೆಂಚಿನ ಮೇಲೆ ಕೂತು ತಲೆ ಮೇಲೆತ್ತಲಿಲ್ಲ. ಅವರಿಗೆ ನೆನಪಾಗಿತ್ತು. ತಾನು ಕಾಲೇಜಿಗೆ ಹೋಗುತ್ತಿದ್ದಾಗ ಕೋಟೆಯ ಕಡೆಯಿಂದ ಕೆಲವು ದಿನ ಕೆಟ್ಟ ನಾತ ಬಂದಿತ್ತಂತೆ. ದನ ಬಿದ್ದಿರಬೇಕೆಂದು ತಂದೆಯವರು ಆಳುಗಳನ್ನು ಕಳಿಸಿ ಬಾವಿಗೆ ಮಣ್ಣು, ಮುಳ್ಳು ಹಾಕಿಸಿದ್ದರಂತೆ. ಮರುಮಳೆಗೆ ಬಾವಿಯ ಬದಿಯೂ ಅದರ ಮೇಲೆ ಕುಸಿಯಿತು. ಬಗ್ಗಿ ನೋಡಿದವರು ಒಬ್ಬರೂ ಇಲ್ಲ. "ಯಾರದಾದರೂ ದನ ಕಾಣೆಯಾಗಿದೆಯಾ ಅಂತ ಕೂಡ ಕೇಳಲಿಲ್ಲ ಉಸ್ಮಾನಾಕ," ಅಂದರು ಶೆಟ್ಟರು. ಉಸ್ಮಾನ್ ಅವರಿಗೆ ನೀರು ಕೊಟ್ಟ.

ಕುಶಾಲಪ್ಪ ಎರಡು ದಿನ ಕಣ್ಣಿಗೆ ಬೀಳಲಿಲ್ಲ. ಬೊಂಬಾಯಿ ಬಿಟ್ಟು ಬಂದು ಊರಲ್ಲೇ ಇದ್ದ ಅವನಿಗೆ ಈಗ ಎಪ್ಪತ್ತರ ಮೇಲೆ. ರುಕಿಯಾ ತಾನೇ ಅವನ ಮನೆಗೆ ಹೋದಳು. ಜಗಲಿಯ ಕೆಳಗೆ ನಿಂತಳು; ಕೂರಿ ಎಂದರೂ ಕೂರಲಿಲ್ಲ.

"ಕುಶಾಲಣ್ಣ, ನೀವು ದಾದರಿನಲ್ಲಿ ಕಂಡದ್ದು ಯಾರನ್ನು?"

ಕುಶಾಲಪ್ಪ ಕೈ ಉಜ್ಜಿಕೊಂಡ. ಆಣೆ ಮಾಡಿ ಹೇಳುತ್ತೇನೆ, ಬೇಕೆಂದು ಸುಳ್ಳು ಹೇಳಿದ್ದಲ್ಲ ಎಂದ. ಅದೇ ನಡಿಗೆ, ಅದೇ ಉದ್ದ, ಅದೇ ಚೆಕ್ಸ್ ಅಂಗಿ.

"ಮುಖ?"

"ಮುಖ ನೋಡಿರಲಿಲ್ಲ ರುಕಿಯಾ. ಬೆನ್ನು ನೋಡಿದ್ದು."

ರುಕಿಯಾಳಿಗೆ ಕೂಗಬೇಕೆನ್ನಿಸಿತು. ಯಾವನೋ ಒಬ್ಬನ ಬೆನ್ನು. ಆ ಬೆನ್ನನ್ನು ನಂಬಿ ಅವಳು ಅಶ್ರಫನಿಗೆ ಇನ್ನೊಂದು ಹೆಂಡತಿಯನ್ನು ಕಟ್ಟಿದ್ದಳು, ಮಕ್ಕಳನ್ನು ಕೊಟ್ಟಿದ್ದಳು, ಶಾಪ ಹಾಕಿದ್ದಳು. ನಿನ್ನ ಹೆಣ ಎತ್ತಲು ನಾಲ್ಕು ಜನ ಸಿಗದಿರಲಿ ಎಂದು ಹೇಳಿದ ದಿನಗಳಿದ್ದವು. ಅವಳು ತಿರುಗಿ ಮನೆಯ ದಾರಿ ಹಿಡಿದಳು.

ಜುವೈರಿಯಾ ಬಿ.ಸಿ. ರೋಡಿನಿಂದ ಬಂದಳು. ಗುರುತು ಖಚಿತ ಮಾಡಲು ಅವಳ ರಕ್ತ ತೆಗೆದುಕೊಂಡರು. ಆಸ್ಪತ್ರೆಯಿಂದ ತಾಯಿ ಮಗಳು ರಿಕ್ಷಾದಲ್ಲಿ ಬಂದರು. ಮನೆಯ ಮೆಟ್ಟಿಲ ಮೇಲೆ ಜುವೈರಿಯಾ ನಿಂತಳು.

"ಉಮ್ಮ, ನಾನು ಮೂರನೇ ಕ್ಲಾಸಿನಲ್ಲಿರುವಾಗ ಟೀಚರ್ ಹತ್ತಿರ ನನ್ನ ಉಪ್ಪ ಸತ್ತಿದ್ದಾರೆ ಅಂತ ಹೇಳಿದ್ದೆ. ನಿಮಗೆ ಗೊತ್ತಾಗಿ ಹೊಡೆದಿರಿ. ಸುಳ್ಳು ಹೇಳ್ತೀಯಾ ಅಂತ ಹೊಡೆದಿರಿ."

ತಂದೆ ಸತ್ತರೆಂದು ಮಗಳು ಹೇಳಿದ ಆ ದಿನ ರುಕಿಯಾಳಿಗೆ ನೆನಪಿತ್ತು. ತೆಂಗಿನ ಗರಿಯ ಕಡ್ಡಿಯಿಂದ ಹೊಡೆದಿದ್ದಳು. ಉಸ್ಮಾನ್ ಬಂದು ಬಿಡಿಸಿದ್ದ. ಮಗಳ ಕೈ ಹಿಡಿಯಲು ಹೋದಳು. ಜುವೈರಿಯಾ ಕೈ ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು ತಾಯಿಯ ಮಡಿಲಲ್ಲಿ ತಲೆಯಿಟ್ಟು, ಕಾಣದ ತಂದೆಗಾಗಿ ಮೊದಲ ಸಲ ಅತ್ತಳು.

ಒಂದು ವಿಷಯ ಮಾತ್ರ ರುಕಿಯಾಳನ್ನು ಒಳಗೊಳಗೇ ತಿನ್ನುತ್ತಿತ್ತು. ಬಿದ್ದ ಮೇಲೆ ಅವನು ಎಷ್ಟು ಹೊತ್ತು ಬದುಕಿದ್ದ? ಕೂಗಿದ್ದನೇ? ತಾನು ಕೆಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದಾಗ, ಬಸ್ಸು ಹತ್ತಿರಬೇಕು ಎಂದು ಅವನ ಮೇಲೆ ಮುನಿದುಕೊಂಡು ಕೂತಿದ್ದಾಗ, ಅವನು ನೆಲದಡಿಯಿಂದ ಕರೆಯುತ್ತಿದ್ದನೇ? ಯಾರನ್ನೂ ಕೇಳಲು ಧೈರ್ಯವಾಗಲಿಲ್ಲ. ಕೊನೆಗೆ ಜ್ಯೋತ್ಸ್ನಾರನ್ನು ಕೇಳಿದಳು. ಅವರು ಡಾಕ್ಟರನ್ನು ಕಂಡು ಬಂದು ಅವಳ ಪಕ್ಕದಲ್ಲಿ ಕೂತು ಹೇಳಿದರು: ಕತ್ತಿನ ಮೂಳೆ ಮುರಿದಿದೆ, ಬಿದ್ದ ಕೂಡಲೇ ಜೀವ ಹೋಗಿರಬೇಕು. ನಿಜವಾ, ನನ್ನ ಸಮಾಧಾನಕ್ಕೆ ಹೇಳುವುದಾ ಎಂದು ರುಕಿಯಾ ಕೇಳಿದಳು. ಡಾಕ್ಟರು ಬರೆದದ್ದು ಹಾಗೇ ಉಂಟು ಎಂದರು ಜ್ಯೋತ್ಸ್ನಾ. ಮರುದಿನ ರುಕಿಯಾ ಫೋನು ಮಾಡಿ ಅದನ್ನೇ ಮತ್ತೆ ಕೇಳಿದಳು. ಅವರು ಬೇಸರಪಡದೆ ಅದೇ ಉತ್ತರ ಕೊಟ್ಟರು.

ಮಸೀದಿಯ ಉಸ್ತಾದರು ಮನೆಗೆ ಬಂದರು. ರುಕಿಯಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ತಾನು ಬಿಡುಗಡೆ ಕೇಳಿದಾಗಲೇ ವಿಧವೆಯಾಗಿದ್ದೆ, ಯಾರಿಂದ ಬಿಡುಗಡೆ ಪಡೆದೆ, ಉಸ್ಮಾನರ ಜೊತೆಗಿನ ಈ ಬಾಳು ಏನಾಯಿತು ಎಂಬ ಹೆದರಿಕೆ ಅವಳಿಗೆ. ಉಸ್ತಾದರಿಗೆ ಅವಳು ಕೇಳುವ ಮೊದಲೇ ತಿಳಿಯಿತು. ನಿಕಾಹಿಗೆ ಏನೂ ತೊಂದರೆಯಿಲ್ಲ, ಗಂಡ ಸತ್ತಾಗ ಕಾಯಬೇಕಾದ ದಿನಗಳು ಎಂದೋ ಕಳೆದುಹೋಗಿವೆ, ಈಗ ಅವಳು ಆ ದಿನಗಳಿಗೆಂದು ಮನೆಯೊಳಗೆ ಕೂರಬೇಕಾದ್ದಿಲ್ಲ ಎಂದರು. ಒಪ್ಪುವ ಮಾತೇ. ಆದರೆ ರುಕಿಯಾಳಿಗೆ ಇನ್ನೊಂದು ಬಗೆಯ ದಿಗಿಲಾಯಿತು. ಸತ್ತ ಗಂಡನಿಗಾಗಿ ಅಳಲು ಎಲ್ಲ ಹೆಂಗಸರಿಗೂ ನಾಲ್ಕು ತಿಂಗಳ ಮೇಲೆ ದಿನಗಳಿರುತ್ತವೆ. ತನ್ನ ಪಾಲಿನ ಆ ದಿನಗಳನ್ನು ಅವನನ್ನು ಬೈಯುತ್ತ ಕಳೆದಿದ್ದಳು.

ಗುರುತು ಖಚಿತವಾಗಿ ಮೂಳೆಗಳು ಕೈಗೆ ಬರುವಾಗ ಬೇಸಗೆ ಬಂದಿತ್ತು. ಅಶ್ರಫನ ಅಣ್ಣ ತೀರಿಹೋಗಿದ್ದ. ಹತ್ತಿರದ ಗಂಡಸರಾರೂ ಉಳಿದಿರಲಿಲ್ಲ. ಮುಂದೆ ನಿಲ್ಲುವವರು ಯಾರು ಎಂದು ಮಸೀದಿಯಲ್ಲಿ ಮಾತು ಬಂದಾಗ ಉಸ್ಮಾನ್ ಎದ್ದು ನಿಂತ. ನಾನೇ ಎಂದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಆ ಹಗುರ ಗಂಟನ್ನು ಮನೆಗೆ ತಂದಾಗ ಊರಿಗೆ ಊರೇ ಬಂದಿತ್ತು. ಶೆಟ್ಟರು ಬಂದಿದ್ದರು, ಜ್ಯೋತ್ಸ್ನಾ ವಿದ್ಯಾರ್ಥಿಗಳೊಂದಿಗೆ ಬಂದಿದ್ದರು. ಕುಶಾಲಪ್ಪ ಗೇಟಿನ ಹೊರಗೇ ನಿಂತಿದ್ದ. ರುಕಿಯಾ ಅವನನ್ನು ಕಂಡು ಕಣ್ಣಿನಲ್ಲೇ ಒಳಗೆ ಬನ್ನಿ ಎಂದಳು. ಅವನು ಬಂದು ಅಂಗಳದ ಮೂಲೆಯಲ್ಲಿ ಕೂತ.

ಮಯ್ಯತ್ತಿನ ಗಂಟನ್ನು ಹೊರುವ ಮಂಚದಲ್ಲಿಟ್ಟು ಎತ್ತುವ ಹೊತ್ತಾಯಿತು. ಉಸ್ಮಾನನಿಗೆ ಮೊಣಕಾಲು ಮಡಚಲಾಗದು, ನೀವು ಬಿಡಿ ನಾವು ಹೊರುತ್ತೇವೆ ಎಂದರು ಹುಡುಗರು. ಅವನು ಕೇಳಲಿಲ್ಲ. ಮಂಚದ ಮುಂದಿನ ಬಲಗಡೆಯ ಕೈಯನ್ನು ತಾನೇ ಹೆಗಲಿಗೆ ತೆಗೆದುಕೊಂಡ. ಕುಂಟುತ್ತ, ಉಸಿರು ಬಿಡುತ್ತ ಮಸೀದಿಯವರೆಗೂ ಹೊತ್ತ. ಯಾರು ಕೈ ಬದಲಾಯಿಸಲು ಬಂದರೂ ಬಿಟ್ಟುಕೊಡಲಿಲ್ಲ. ರುಕಿಯಾ ಕಿಟಕಿಯ ಸರಳು ಹಿಡಿದು, ಆ ಮುದುಕನ ಬಾಗಿದ ಹೆಗಲನ್ನು ತಿರುವಿನವರೆಗೂ ನೋಡುತ್ತ ನಿಂತಳು. ಅವಳ ಅಳು ಕಟ್ಟೆಯೊಡೆದದ್ದು ಆಗ. ಯಾರಿಗಾಗಿ ಅಳುತ್ತಿದ್ದೇನೆ ಎಂಬುದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ಬಂದ ಜನ ಹೋದ ಮೇಲೆ, ಕೆಲವು ದಿನ ಬಿಟ್ಟು ಒಂದು ಸಂಜೆ, ಮೂವರೂ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಜುವೈರಿಯಾ ಗ್ಲಾಸು ಕೆಳಗಿಟ್ಟು ಕೇಳಿದಳು:

"ಅವರು ಹೇಗಿದ್ದರು ಉಮ್ಮ?"

ರುಕಿಯಾ ಯೋಚಿಸಿದಳು. ಅವನ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಏನೂ ಸಿಗಲಿಲ್ಲ. ಬೈಗುಳದ ಕೆಳಗೆ ಎಲ್ಲವೂ ಹೂತುಹೋಗಿತ್ತು. ಉದ್ದ ಇದ್ದರು ಎಂದಳು. ಗೋಡೆಯ ಹಲ್ಲಿಗೆ ಹೆದರುತ್ತಿದ್ದರು ಎಂದಳು. ನಿನ್ನನ್ನು ಎತ್ತಿಕೊಳ್ಳುವಾಗ ಮೊದಲು ಕೈ ತೊಳೆದು ಬರುತ್ತಿದ್ದರು, ಗೇರುಬೀಜದ ಸೊನೆ ತಾಗುತ್ತದೆ ಅಂತ.

"ಮೀನು ಆರಿಸಲಿಕ್ಕೆ ಬರ್ತಿರಲಿಲ್ಲ ಅವನಿಗೆ," ಅಂದ ಉಸ್ಮಾನ್. ಇಬ್ಬರೂ ತಿರುಗಿ ನೋಡಿದರು. "ನಾನು ಒಳ್ಳೇ ಬಂಗುಡೆ ಮುಂದೆ ಇಟ್ಟರೂ ಅಡಿಯಿಂದ ಹಳೇದನ್ನೇ ಎಳೆದು ತೆಗೀತಿದ್ದ. ಇದೇ ಒಳ್ಳೇದು ಅಂತ ನನಗೇ ಪಾಠ ಹೇಳ್ತಿದ್ದ. ಪಾಪದವನು."

ಜುವೈರಿಯಾ ನಕ್ಕಳು. ರುಕಿಯಾಳಿಗೂ ನಗು ಬಂತು. ಹೌದು, ಆ ಬಂಗುಡೆಗಾಗಿ ಜಗಳವಾಡಿದ್ದಳು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಉಸ್ಮಾನ್ ಇದನ್ನು ಹೇಳಿರಲಿಲ್ಲ. ಕೇಳಲು ತಾನು ಬಿಟ್ಟೂ ಇರಲಿಲ್ಲ.

"ಆಗ ಅವರಿಗೆ ಎಷ್ಟು ಪ್ರಾಯ?" ಎಂದು ಜುವೈರಿಯಾ ಕೇಳಿದಳು.

ಇಪ್ಪತ್ತೇಳೋ ಇಪ್ಪತ್ತೆಂಟೋ ಎಂದಳು ರುಕಿಯಾ.

"ಹಾಗಾದರೆ ನನಗಿಂತ ಚಿಕ್ಕವರು."

ರುಕಿಯಾ ಮಗಳನ್ನು ದಿಟ್ಟಿಸಿದಳು. ಇಷ್ಟು ಕಾಲ ಅವಳ ಸಿಟ್ಟಿನೊಳಗೆ ಅಶ್ರಫ್ ಅವಳ ಜೊತೆಜೊತೆಗೇ ಮುದುಕನಾಗುತ್ತ ಬಂದಿದ್ದ. ಗಡ್ಡ ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು, ಮೊಮ್ಮಕ್ಕಳಾಗಿದ್ದರು. ಆ ಮುದುಕ, ಆ ಮೊಮ್ಮಕ್ಕಳು ಎಲ್ಲ ಈಗ ಒಮ್ಮೆಗೇ ಇಲ್ಲವಾದರು. ಉಳಿದವನು ಚೆಕ್ಸ್ ಅಂಗಿಯ ಒಬ್ಬ ಹುಡುಗ. ಎದುರು ಕೂತ ಮಗಳ ಕಿವಿಯ ಹತ್ತಿರ ನರೆಗೂದಲು ಇಣುಕುತ್ತಿತ್ತು.

"ಮಗು ಅದು," ಅಂದಳು ರುಕಿಯಾ. "ಏನೂ ಗೊತ್ತಿಲ್ಲದ ಮಗು."

ಉಸ್ಮಾನ್ ತನ್ನ ಗ್ಲಾಸಿನಲ್ಲಿ ಉಳಿದಿದ್ದ ಚಹಾವನ್ನು ಅವಳ ಗ್ಲಾಸಿಗೆ ಸುರಿದು, ಕುಡಿ, ಆರ್ತದೆ ಎಂದ.